ಪ್ರೇಮಕವಿತೆಯ ಮಾತ್ರೆ, ಪ್ರಾಸ ಮತ್ತು ರೂಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಕೆಳಗಿನ ಎಂಟು ಸಾಲುಗಳನ್ನು ನಾನು ಒಂದು ಕವಿತಾ ಸ್ಪರ್ಧೆಗೆ ಕೊಟ್ಟಿದ್ದೆ.

ಹೊಳೆಯ ದಂಡೆಯ ಮೇಲೆ ನೀನು ನಿಂತಾಗ
ಗಾಳಿಗೂ ನಿನ್ನ ಮುಂಗುರುಳ ಮೇಲಾಸೆ
ಹೇಳಬೇಕೆಂದದ್ದು ನಾಲಿಗೆಯ ತುದಿಗೆ
ಬಂದು ಹಾಗೆಯೆ ನಿಂತು ಬಿಟ್ಟಿತು

ಹಿನ್ನೀರು ಇಳಿದಾಗ ಹಳೆಯ ಊರಲ್ಲಿ
ನಮ್ಮ ಮನೆಯಂಗಳದ ಕಟ್ಟೆ ಕಾಣುವುದು
ಅದರ ಮೇಲೆ ನಾವು ಬರೆದ ಎರಡು ಹೆಸರು
ನೀರು ಅಳಿಸಿದ್ದಲ್ಲ ನೀನು ಅಳಿಸಿದ್ದು

ಇದರಲ್ಲಿ ಪ್ರಾಸವೂ ಇಲ್ಲ, ಛಂದಸ್ಸೂ ಇಲ್ಲ, ಇದು ತುಂಡರಿಸಿ ಬರೆದ ಗದ್ಯ ಎಂದು ತೀರ್ಪುಗಾರರು ಹೇಳಿದರು. ನಾನು ಎಣಿಸಿ ನೋಡಿದರೆ ನಾಲ್ಕನೆಯ ಸಾಲೊಂದನ್ನು ಬಿಟ್ಟು ಉಳಿದ ಏಳೂ ಸಾಲುಗಳಲ್ಲಿ ಸರಿಯಾಗಿ ೧೮ ಮಾತ್ರೆಗಳು ಬರುತ್ತವೆ. ನಾಲ್ಕನೆಯ ಸಾಲಿಗೆ ಒಂದೆರಡು ಪದ ಸೇರಿಸಿ ಅದನ್ನೂ ೧೮ಕ್ಕೆ ತರಬೇಕೇ? ಇಂಥ ಕವಿತೆಯನ್ನು ಛಂದಸ್ಸಿನ ದೃಷ್ಟಿಯಿಂದ ಹೇಗೆ ವಿಶ್ಲೇಷಿಸಬೇಕು?
– ಪದವಿ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಉತ್ತರ: ನೀವು ಮಾತ್ರೆಗಳನ್ನು ಸರಿಯಾಗಿಯೇ ಎಣಿಸಿದ್ದೀರಿ. ಆದರೆ ಸಾಲಿನ ಒಟ್ಟು ಮೊತ್ತ ಛಂದಸ್ಸಲ್ಲ. ಆ ಮೊತ್ತ ಎಲ್ಲೆಲ್ಲಿ ಒಡೆದು ಗಣಗಳಾಗುತ್ತದೆ ಎಂಬುದೇ ಛಂದಸ್ಸು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ, ನೀವು ತಿದ್ದಲು ಹೊರಟಿರುವ ಸಾಲಿನಲ್ಲಿ ದೋಷವೇ ಇಲ್ಲವೆಂದೂ, ನೀವು ಸರಿಯೆಂದು ಬಿಟ್ಟಿರುವ ಇನ್ನೊಂದು ಸಾಲಿನಲ್ಲಿ ನಿಜವಾದ ಎಡವಟ್ಟಿದೆಯೆಂದೂ ಗೊತ್ತಾಗುತ್ತದೆ.

ಮೊದಲು ಲಯವನ್ನು ಗುರುತಿಸೋಣ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರ ಇವು ಗುರು, ಅವಕ್ಕೆ ಎರಡು ಮಾತ್ರೆ ಎಂಬ ನಿಯಮ ನಿಮಗೆ ತಿಳಿದೇ ಇದೆ. ಅದರಂತೆ ನಿಮ್ಮ ಮೊದಲ ಎರಡು ಸಾಲುಗಳು ಹೀಗೆ ಒಡೆಯುತ್ತವೆ:

ಹೊಳೆಯ ದಂ | ಡೆಯ ಮೇಲೆ | ನೀನು ನಿಂ | ತಾಗ
ಗಾಳಿಗೂ | ನಿನ್ನ ಮುಂ | ಗುರುಳ ಮೇ | ಲಾಸೆ

ಐದು ಮಾತ್ರೆಯ ಮೂರು ಗಣಗಳು, ಕೊನೆಯಲ್ಲಿ ಮೂರು ಮಾತ್ರೆಯ ಒಂದು ಊನಗಣ. ಲಲಿತ ರಗಳೆಯಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು ಪೂರ್ತಿಯಾಗಿ ಬರುತ್ತವೆ. ನಿಮ್ಮ ಸಾಲು ಅದೇ ನಡಿಗೆಯದು, ಕೊನೆಯಲ್ಲಿ ಮಾತ್ರ ಎರಡು ಮಾತ್ರೆಗಳಷ್ಟು ಉಸಿರನ್ನು ಹಿಡಿದು ನಿಲ್ಲುತ್ತದೆ. ನವೋದಯದ ಭಾವಗೀತೆಗಳು ಬಹಳವಾಗಿ ನೆಚ್ಚಿಕೊಂಡ ನಡಿಗೆ ಇದು. ‘ದಂಡೆಯ’, ‘ನಿಂತಾಗ’, ‘ಮುಂಗುರುಳ’ ಎಂಬ ಪದಗಳು ಗಣದ ಗಡಿಯ ಮೇಲೆ ಒಡೆದಿರುವುದನ್ನು ಕಂಡು ನೀವು ಹೆದರಬೇಕಿಲ್ಲ. ಪದ ಮುಗಿಯುವಲ್ಲೇ ಗಣವೂ ಮುಗಿಯುತ್ತ ಹೋದರೆ ಸಾಲು ಸಪ್ಪೆಯಾಗುತ್ತದೆ. ಪದವು ಗಡಿಯನ್ನು ದಾಟಿದಾಗಲೇ ಓದುವವರ ದನಿ ಮುಂದಿನ ಗಣಕ್ಕೆ ಎಳೆದುಕೊಂಡು ಹೋಗುತ್ತದೆ. ಇಷ್ಟಾದ ಮೇಲೆ ಇದನ್ನು ತುಂಡರಿಸಿದ ಗದ್ಯ ಎನ್ನುವ ಮಾತಿಗೆ ಆಧಾರವಿಲ್ಲ.

ಇನ್ನು ನಾಲ್ಕನೆಯ ಸಾಲು: ‘ಬಂದು ಹಾ | ಗೆಯೆ ನಿಂತು | ಬಿಟ್ಟಿತು’. ಮೊದಲ ಎರಡು ಗಣಗಳು ನಿಯಮದಂತೆಯೇ ಇವೆ. ಮೂರನೆಯದು ಐದರ ಬದಲು ನಾಲ್ಕು ಮಾತ್ರೆಗೆ ನಿಂತಿದೆ, ನಾಲ್ಕನೆಯದು ಬರಲೇ ಇಲ್ಲ. ಮೂರು ಸಾಲುಗಳಲ್ಲಿ ಆ ನಡಿಗೆಗೆ ಹೊಂದಿಕೊಂಡ ಕಿವಿ ಇಲ್ಲಿ ಇನ್ನೂ ನಾಲ್ಕು ಮಾತ್ರೆಗಳನ್ನು ನಿರೀಕ್ಷಿಸುತ್ತದೆ, ಮತ್ತು ಅಷ್ಟು ಹೊತ್ತು ಅದಕ್ಕೆ ಮೌನವೇ ಸಿಗುತ್ತದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ನಿಂತುಹೋಯಿತು ಎಂದು ಹೇಳುವ ಸಾಲು ತಾನೂ ನಡುವೆಯೇ ನಿಂತುಹೋಗಿದೆ. ನೀವು ಇದನ್ನು ಬೇಕೆಂದೇ ಮಾಡಿದಿರೋ ಕೈತಪ್ಪಿ ಆಯಿತೋ ನನಗೆ ತಿಳಿಯದು, ಅದನ್ನು ತಿಳಿಯುವ ಅಗತ್ಯವೂ ವಿಮರ್ಶಕನಿಗಿಲ್ಲ. ‘ಬಿಟ್ಟಿತಲ್ಲಾ ಗೆಳತಿ’ ಎಂಬಂಥ ಪದಗಳನ್ನು ತುಂಬಿಸಿ ದಯವಿಟ್ಟು ಇದನ್ನು ಕೆಡಿಸಬೇಡಿ.

ಕೆಟ್ಟಿರುವುದು ಏಳನೆಯ ಸಾಲು. ‘ಅದರ ಮೇಲೆ ನಾವು ಬರೆದ ಎರಡು ಹೆಸರು’ ಎಂಬಲ್ಲಿ ಮಾತ್ರೆಗಳು ೧೮ ಇವೆ, ನಿಜ. ಕಾಗದದ ಮೇಲೆ ಐದು, ಐದು, ಐದು, ಮೂರು ಎಂದು ಒಡೆಯಲೂ ಬರುತ್ತದೆ. ಆದರೆ ಗಟ್ಟಿಯಾಗಿ ಓದಿ ನೋಡಿ: ಅದರ, ಮೇಲೆ, ನಾವು, ಬರೆದ, ಎರಡು, ಹೆಸರು. ಆರು ಪದಗಳು, ಪ್ರತಿಯೊಂದೂ ಮೂರು ಮಾತ್ರೆ. ಅಂದರೆ ಐದರ ನಡಿಗೆಯ ಕವಿತೆ ಒಮ್ಮೆಲೇ ಮೂರರ ನಡಿಗೆಗೆ, ಉತ್ಸಾಹ ರಗಳೆಯ ಓಟಕ್ಕೆ ಬಿದ್ದಿದೆ. ಹಟ ಹಿಡಿದು ಐದರಂತೆಯೇ ಒಡೆದರೆ ಎರಡನೆಯ ಗಣ ‘ಲೆ ನಾವು ಬ’ ಎಂದಾಗುತ್ತದೆ. ಅದು ಲಘುವಿನಿಂದ ಮೊದಲಾಗಿ ಕೂಡಲೇ ಗುರುವಿಗೆ ಏರುವ ಗಣ. ಕನ್ನಡದ ಮಾತ್ರಾಛಂದಸ್ಸು ಗಣದ ಮೊದಲಲ್ಲಿ ಹೀಗೆ ಲಘು ಮತ್ತು ಗುರು ಜೊತೆಯಾಗಿ ಬರುವುದನ್ನು ಹಿಂದಿನಿಂದಲೂ ದೂರವಿಟ್ಟಿದೆ. ನಿಮ್ಮ ಉಳಿದ ಏಳು ಸಾಲುಗಳಲ್ಲಿ ಇಂಥ ಗಣ ಒಂದೂ ಇಲ್ಲವೆಂಬುದನ್ನು ನೋಡಿದರೆ ನಿಮ್ಮ ಕಿವಿಗೆ ಈ ನಿಯಮ ಪುಸ್ತಕವಿಲ್ಲದೆಯೇ ಗೊತ್ತಿದೆ ಎನ್ನಬೇಕು. ನಾಲ್ಕನೆಯ ಸಾಲಿನ ಮುರಿತಕ್ಕೆ ಅರ್ಥದಲ್ಲಿ ಕಾರಣವಿತ್ತು. ಇಲ್ಲಿ ಅಂಥ ಕಾರಣ ಕಾಣುವುದಿಲ್ಲ. ಮುಳುಗಡೆಯಾದ ಊರಿನ ಕಟ್ಟೆಯ ಮೇಲಿನ ಹೆಸರನ್ನು ನೆನೆಯುವಾಗ ಲಯ ಕುಣಿಯಬೇಕಾದ್ದಿಲ್ಲ. ನಿಮ್ಮದೇ ಪದಗಳನ್ನು ಇಟ್ಟುಕೊಂಡು ಹೀಗೆ ತಿದ್ದಬಹುದು:

ನಾವು ಬರೆ | ದಿಟ್ಟೆರಡು | ಹೆಸರದರ | ಮೇಲೆ

ಇದು ಒಂದೇ ದಾರಿಯಲ್ಲ. ಇದಕ್ಕಿಂತ ಚೆನ್ನಾದುದು ನಿಮಗೇ ಹೊಳೆಯಬಹುದು.

ಸಂಧಿಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಹಿನ್ನೀರು ಇಳಿದಾಗ’ ಎಂಬುದನ್ನು ವ್ಯಾಕರಣದ ಶಿಸ್ತಿಗಾಗಿ ‘ಹಿನ್ನೀರಿಳಿದಾಗ’ ಎಂದು ಬೆಸೆದರೆ ಒಂದು ಮಾತ್ರೆ ಕಳೆದುಹೋಗಿ ಗಣ ಕೆಡುತ್ತದೆ. ಹಳಗನ್ನಡ ಪದ್ಯದಲ್ಲಿ ವಿಸಂಧಿ, ಅಂದರೆ ಸಂಧಿ ಮಾಡದೆ ಬಿಡುವುದು, ದೋಷ. ಹೊಸಗನ್ನಡದ ಕವಿತೆಯಲ್ಲಿ, ಅದರಲ್ಲೂ ಗಣ ಮುಗಿಯುವಲ್ಲಿ, ಅದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ. ನಿಮ್ಮ ಕೊನೆಯ ಸಾಲಿನಲ್ಲಿ ‘ನೀರು ಅಳಿಸಿದ್ದಲ್ಲ ನೀನು ಅಳಿಸಿದ್ದು’ ಎಂದು ಬಿಡಿಬಿಡಿಯಾಗಿ ಬಂದಿರುವುದರಿಂದಲೇ ‘ನೀರು’ ಮತ್ತು ‘ನೀನು’ ಎದುರುಬದುರಾಗಿ ನಿಲ್ಲುತ್ತವೆ. ಮೊದಲ ಗಣವೂ ಮೂರನೆಯ ಗಣವೂ ಒಂದು ಗುರು, ಮೂರು ಲಘು ಎಂಬ ಒಂದೇ ಅಚ್ಚಿನವು. ವ್ಯತ್ಯಾಸವಿರುವುದು ‘ರು’ ಮತ್ತು ‘ನು’ ಎಂಬ ಒಂದೇ ಅಕ್ಷರದಲ್ಲಿ. ಕವಿತೆಯ ಇಡೀ ಆರೋಪ ಆ ಒಂದಕ್ಷರದ ಮೇಲೆ ನಿಂತಿದೆ.

ಪ್ರಾಸದ ಮಾತಿಗೆ ಬರುತ್ತೇನೆ. ತೀರ್ಪುಗಾರರು ಸಾಲಿನ ಕೊನೆಯನ್ನು ನೋಡಿ ಪ್ರಾಸವಿಲ್ಲವೆಂದಿರಬೇಕು. ಸಾಲಿನ ಮೊದಲನ್ನು ನೋಡಿದ್ದರೆ ‘ಹೊಳೆ’, ‘ಗಾಳಿ’, ‘ಹೇಳ’ ಎಂಬ ಮೂರು ಸಾಲುಗಳಲ್ಲೂ ಎರಡನೆಯ ಅಕ್ಷರ ಳಕಾರವೇ ಆಗಿರುವುದು ಕಾಣುತ್ತಿತ್ತು. ಇದು ನಮ್ಮ ಹಳೆಯ ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ. ಕ್ರಿ.ಶ. ೭೦೦ರ ಸುಮಾರಿನದೆಂದು ಎಣಿಸಲಾದ ಕಪ್ಪೆ ಅರಭಟ್ಟನ ಶಾಸನ ನಿಮ್ಮ ಜಿಲ್ಲೆಯ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಅದರಲ್ಲಿ ಬರುವ ತ್ರಿಪದಿಯೊಂದರ ಮೂರು ಸಾಲುಗಳು ‘ಸಾಧು’, ‘ಬಾಧಿಪ್ಪ’, ‘ಮಾಧವ’ ಎಂದು ಮೊದಲಾಗಿ ಧಕಾರದ ಪ್ರಾಸವನ್ನು ತಪ್ಪದೆ ಪಾಲಿಸುತ್ತವೆ.

ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ನಿಮ್ಮ ಪ್ರಾಸಕ್ಕೆ ಎರಡು ಕೊರತೆಗಳಿವೆ. ಹತ್ತನೆಯ ಶತಮಾನದ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ಪ್ರಾಸಾಕ್ಷರದ ಹಿಂದೆ ಏನಿದೆ ಎಂಬುದರ ಮೇಲೆ ಆರು ಬಗೆಗಳನ್ನು ಹೇಳುತ್ತಾನೆ: ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಬೇರೆ ವ್ಯಂಜನದ ಒತ್ತಿದ್ದರೆ ಶರಭ, ಅದೇ ವ್ಯಂಜನದ ಒತ್ತಿದ್ದರೆ ಹಯ. (ಈ ಶಾಸ್ತ್ರವನ್ನೆಲ್ಲ ಆತ ‘ಅಂಬುಜಮುಖಿ’ ಎಂಬಂಥ ಸಂಬೋಧನೆಗಳ ನಡುವೆ ಹೇಳುತ್ತಾನೆ, ಪ್ರೇಮಕ್ಕೂ ಛಂದಸ್ಸಿಗೂ ಆಗಿಬರುವುದಿಲ್ಲ ಎನ್ನುವವರು ಇದನ್ನು ಗಮನಿಸಬಹುದು.) ಒಂದು ಪದ್ಯದಲ್ಲಿ ಒಂದೇ ಬಗೆ ನಡೆಯಬೇಕು. ನಿಮ್ಮ ‘ಹೊಳೆ’ ಸಿಂಹಪ್ರಾಸ, ‘ಗಾಳಿ’ ಮತ್ತು ‘ಹೇಳ’ ಗಜಪ್ರಾಸ. ನಾಲ್ಕನೆಯ ಸಾಲಿನ ‘ಬಂದು’ ಪ್ರಾಸವನ್ನೇ ಬಿಟ್ಟಿದೆ. ಮೊದಲ ಸಾಲನ್ನು ‘ಹೋಳಿಹುಣ್ಣಿಮೆಯಂದು ನೀನು ನಿಂತಾಗ’ ಎಂದು ಮಾಡಿದರೆ ಮಾತ್ರೆಯೂ ಸರಿಯಾಗಿ ಕೂರುತ್ತದೆ, ಪ್ರಾಸವೂ ಶುದ್ಧವಾಗುತ್ತದೆ, ಮತ್ತು ಬಾಗಲಕೋಟೆಯವರು ಹೋಳಿಯನ್ನು ಬೇಡವೆನ್ನುವುದು ಕಷ್ಟ. ಆದರೂ ನಾನು ಈ ತಿದ್ದುಪಡಿಯನ್ನು ಶಿಫಾರಸು ಮಾಡುವುದಿಲ್ಲ. ಎರಡನೆಯ ಪದ್ಯದಲ್ಲಿ ಹಿನ್ನೀರು ಬರಬೇಕಾದರೆ ಮೊದಲನೆಯದರಲ್ಲಿ ಹೊಳೆ ಇರಲೇಬೇಕು. ಒಂದು ದೀರ್ಘಾಕ್ಷರದ ಆಸೆಗೆ ಅದನ್ನು ಬಲಿಕೊಡಬಾರದು.

ಆದಿಪ್ರಾಸ ಈಗ ಕಡ್ಡಾಯವಲ್ಲ. ೧೯೧೧ರ ಹೊತ್ತಿಗೆ ಮಂಜೇಶ್ವರದ ಗೋವಿಂದ ಪೈ ಅದನ್ನು ಬಿಟ್ಟು ಬರೆದರು, ಆಮೇಲೆ ಬಂದವರು ಅದರ ಹಂಗನ್ನು ಹೊತ್ತುಕೊಳ್ಳಲಿಲ್ಲ. ಅದರ ಜಾಗಕ್ಕೆ ಬಂದದ್ದು ಅಂತ್ಯಪ್ರಾಸ. ನಿಮ್ಮ ‘ಕಾಣುವುದು’, ‘ಅಳಿಸಿದ್ದು’ ಎಂಬುವು ‘ದು’ವಿನಲ್ಲಿ ಕೂಡುತ್ತವೆಯಾದರೂ ಅದನ್ನು ಪ್ರಾಸವೆಂದು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದರ ಕೊನೆಗೆ ಪ್ರತ್ಯಯ ಬರುತ್ತದೆ. ಹೀಗಾಗಿ ಯಾವ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದರೂ ‘ತ್ತದೆ’ಗೆ ‘ತ್ತದೆ’, ‘ದ್ದು’ವಿಗೆ ‘ದ್ದು’ ತಾನಾಗಿಯೇ ಹೊಂದುತ್ತದೆ. ಇಂಥ ಪ್ರಾಸಕ್ಕೆ ಕವಿ ಏನನ್ನೂ ತೆತ್ತಿರುವುದಿಲ್ಲ. ಎರಡನೆಯ ಅಕ್ಷರ ಹಾಗಲ್ಲ, ಅದು ಸಾಮಾನ್ಯವಾಗಿ ಪದದ ಮೂಲದಲ್ಲಿಯೇ ಇರುತ್ತದೆ. ಅಲ್ಲಿ ಪ್ರಾಸ ಬೇಕೆಂದರೆ ಪದವನ್ನೇ ಬದಲಿಸಬೇಕು. ಹಳಬರು ಪ್ರಾಸಕ್ಕೆ ಆ ಜಾಗವನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ ಎಂಬುದು ನನ್ನ ಅಭಿಪ್ರಾಯ.

ರೂಪದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇವು ಎರಡು ಚೌಪದಿಗಳು. ಮೊದಲನೆಯದು ನೆನಪು, ಎರಡನೆಯದು ಊರು ಮುಳುಗಿದ ಮೇಲಿನ ಮಾತು; ನಡುವಿನ ಖಾಲಿ ಜಾಗದಲ್ಲಿ ಒಂದು ಪ್ರೇಮ ಬೆಳೆದು ಮುರಿದಿದೆ. ಸುನೀತದ ಹದಿನಾಲ್ಕು ಸಾಲುಗಳಲ್ಲಿ ಎಂಟನೆಯ ಸಾಲಿನ ನಂತರ ಬರುವ ತಿರುವು ಇಲ್ಲಿ ನಾಲ್ಕನೆಯ ಸಾಲಿನ ಮೌನದಲ್ಲಿಯೇ ಆಗಿಹೋಗಿದೆ. ಅದಕ್ಕಾಗಿಯಾದರೂ ಆ ಸಾಲನ್ನು ಮುಟ್ಟಬೇಡಿ ಎಂದು ಮತ್ತೊಮ್ಮೆ ಹೇಳುತ್ತೇನೆ.

ಪ್ರಶ್ನೆ: ಜನಪದ ಧಾಟಿಯಲ್ಲಿ ಒಂದು ಪ್ರೇಮದ ತ್ರಿಪದಿಯನ್ನು ಕಟ್ಟಿದ್ದೇನೆ:

ಹಳ್ಳದ ದಂಡ್ಯಾಗ ಗೆಳೆಯನ ಕಂಡಾಗ
ಬೆಳ್ಳಾನ ಹಲ್ಲು ನಗೆ ಚೆಲ್ಲಿ ನಿಂತಾನ
ಎಳ್ಳಿನ ಹೊಲಕ ಬರಲೇನ

ಹಾಡುವಾಗ ಎಲ್ಲಿಯೂ ತಡೆಯುವುದಿಲ್ಲ. ಆದರೆ ಮಾತ್ರೆ ಹಾಕಿದರೆ ಕೆಲವು ಗಣಗಳಲ್ಲಿ ಐದು, ಕೆಲವದರಲ್ಲಿ ನಾಲ್ಕೇ ಬರುತ್ತವೆ. ಎಲ್ಲಿ ತಪ್ಪಿದೆ?
– ನಿವೃತ್ತ ಶಿಕ್ಷಕಿ, ಸವದತ್ತಿ, ಬೆಳಗಾವಿ ಜಿಲ್ಲೆ

ಉತ್ತರ: ಟೀಚರೇ, ತ್ರಿಪದಿ ತಪ್ಪಿಲ್ಲ, ಅಳತೆಗೋಲು ತಪ್ಪಿದೆ. ತ್ರಿಪದಿ ಹುಟ್ಟಿನಿಂದ ಅಂಶಗಣದ ಛಂದಸ್ಸು. ಅಂಶಗಣದಲ್ಲಿ ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು ಆಗಿರಬೇಕು. ಆಮೇಲಿನ ಪ್ರತಿಯೊಂದು ಅಂಶ ಒಂದು ಗುರುವಾದರೂ ಆಗಬಹುದು, ಒಂದು ಲಘುವಾದರೂ ಆಗಬಹುದು. ಎರಡು ಅಂಶಗಳಿದ್ದರೆ ಬ್ರಹ್ಮಗಣ, ಮೂರಿದ್ದರೆ ವಿಷ್ಣುಗಣ, ನಾಲ್ಕಿದ್ದರೆ ರುದ್ರಗಣ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದವು ವಿಷ್ಣು. ನಿಮ್ಮದನ್ನು ಒಡೆಯೋಣ:

ಹಳ್ಳದ | ದಂಡ್ಯಾಗ | ಗೆಳೆಯನ | ಕಂಡಾಗ
ಬೆಳ್ಳಾನ | ಹಲ್ಲು | ನಗೆ ಚೆಲ್ಲಿ | ನಿಂತಾನ
ಎಳ್ಳಿನ | ಹೊಲಕ | ಬರಲೇನ

‘ಹಲ್ಲು’ ಆರನೆಯ ಗಣ, ‘ಹೊಲಕ’ ಹತ್ತನೆಯದು. ಎರಡರಲ್ಲೂ ಎರಡೆರಡೇ ಅಂಶಗಳಿವೆ. ‘ಹಳ್ಳದ’, ‘ಗೆಳೆಯನ’, ‘ಎಳ್ಳಿನ’ ಎಂಬ ಮೂರು ಗಣಗಳಲ್ಲಿ ಮಾತ್ರೆ ನಾಲ್ಕಾದರೂ ಅಂಶಗಳು ಮೂರು ಇವೆ, ಆದ್ದರಿಂದ ಅವು ವಿಷ್ಣುಗಣಗಳೇ. ನೀವು ಹಾಡುವಾಗ ಏನು ಮಾಡುತ್ತೀರಿ ಎಂಬುದನ್ನು ನೀವೇ ಒಮ್ಮೆ ಕಿವಿಗೊಟ್ಟು ಕೇಳಿ: ‘ಹಳ್ಳಾದ’, ‘ಗೆಳಿಯಾನ’, ‘ಎಳ್ಳೀನ’ ಎಂದು ಎಳೆಯುತ್ತೀರಿ. ಈ ಎಳೆತಕ್ಕೆ ಕರ್ಷಣವೆಂದು ಹೆಸರು. ಎಳೆದ ಮೇಲೆ ಸಾಲುಗಳಲ್ಲಿ ಕ್ರಮವಾಗಿ ೨೦, ೧೮, ೧೩ ಮಾತ್ರೆಗಳಾಗುತ್ತವೆ, ಪಠ್ಯಪುಸ್ತಕದ ಲೆಕ್ಕಕ್ಕೂ ಹೊಂದುತ್ತದೆ. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳಿಗೆ ಕಲ್ಲಿನ ಸುತ್ತೇ ತಾಳವಾಗಿತ್ತು. ಅಕ್ಷರ ಕಡಿಮೆಯಾದಲ್ಲಿ ದನಿ ಅದನ್ನು ತುಂಬಿಕೊಡುತ್ತಿತ್ತು.

ಅಚ್ಚು ಹಾಕಿಸುವಾಗ ‘ಹಳ್ಳದ’ ಎಂದೇ ಇರಲಿ. ಎಳೆಯುವ ಹಕ್ಕನ್ನು ಹಾಡುವವರಿಗೆ ಬಿಡಿ. ಮೂರು ಸಾಲುಗಳಲ್ಲೂ ‘ಳ್ಳ’ದ ಹಯಪ್ರಾಸ ಶುದ್ಧವಾಗಿದೆ. ನನಗಿರುವ ತಕರಾರು ಒಂದೇ: ಕೊನೆಯ ಸಾಲಿನ ಪ್ರಶ್ನೆಯನ್ನು ಕೇಳುತ್ತಿರುವುದು ಅವನೋ ಅವಳೋ ಎಂಬುದು ಸ್ಪಷ್ಟವಿಲ್ಲ. ತ್ರಿಪದಿಯಲ್ಲಿ ಮೂರನೆಯ ಸಾಲು ಚಿಕ್ಕದು, ಪೆಟ್ಟು ಬೀಳುವುದು ಅಲ್ಲಿಯೇ. ಅಲ್ಲಿ ಅನುಮಾನ ಉಳಿಯಬಾರದು. ‘ಬರಲೇನ’ ಎಂಬುದನ್ನು ‘ಬಾರಂದ’ ಎಂದು ಬದಲಿಸಿದರೆ ಗಣ ಕೆಡುವುದಿಲ್ಲ, ಮಾತು ಯಾರದೆಂಬುದೂ ತಿಳಿಯುತ್ತದೆ.

ಪ್ರಶ್ನೆ: ಗಜಲಿನ ಕಾಫಿಯಾ ಮತ್ತು ರದೀಫ್ ಎಂದರೆ ನಮ್ಮ ಅಂತ್ಯಪ್ರಾಸವೇ ಅಲ್ಲವೇ? ನನ್ನ ಗಜಲಿನ ಮೊದಲ ನಾಲ್ಕು ಸಾಲುಗಳು ಹೀಗಿವೆ. ಇದರಲ್ಲಿ ಕಾಫಿಯಾ ಕೆಟ್ಟಿದೆ ಎಂದು ಉರ್ದು ಬಲ್ಲ ಗೆಳೆಯರು ಹೇಳುತ್ತಾರೆ. ನನ್ನ ಕಿವಿಗೆ ಹಾಗೆ ಅನ್ನಿಸುವುದಿಲ್ಲ.

ಮಲ್ಲಿಗೆಯು ಬಾಡಿದರು ಕಂಪು ಉಳಿದಿತ್ತು
ನೀನೆದ್ದು ಹೋದರೂ ತಂಪು ಉಳಿದಿತ್ತು

ಊರೆಲ್ಲ ಮರೆತೀತು ನಮ್ಮಿಬ್ಬರನ್ನು
ಸಂಜೆಬಾನಂಚಿನಲಿ ಕೆಂಪು ಉಳಿದಿತ್ತು
– ಓದುಗರೊಬ್ಬರು, ವಿಜಯಪುರ

ಉತ್ತರ: ಪೂರ್ತಿಯಾಗಿ ಅಲ್ಲ. ಪ್ರತಿ ಷೇರಿನ, ಅಂದರೆ ಗಜಲಿನ ಎರಡು ಸಾಲುಗಳ ಜೋಡಿಯ, ಕೊನೆಗೆ ಬದಲಾಗದೆ ಮರಳಿ ಬರುವ ‘ಉಳಿದಿತ್ತು’ ರದೀಫ್. ಅದು ಪ್ರಾಸವಲ್ಲ, ಪುನರುಕ್ತಿ. ಅದರ ಹಿಂದೆ ಬರುವ ‘ಕಂಪು’, ‘ತಂಪು’, ‘ಕೆಂಪು’ ಕಾಫಿಯಾ, ಪ್ರಾಸವೆಂದರೆ ಅದು. ಮೊದಲ ಷೇರಾದ ಮತ್ಲಾದಲ್ಲಿ ಎರಡೂ ಸಾಲುಗಳು ಇವೆರಡನ್ನೂ ಹೊರಬೇಕು, ಮುಂದಿನ ಷೇರುಗಳಲ್ಲಿ ಎರಡನೆಯ ಸಾಲು ಹೊತ್ತರೆ ಸಾಕು. ನೀವು ಇದನ್ನು ಸರಿಯಾಗಿಯೇ ಪಾಲಿಸಿದ್ದೀರಿ. ಮೇಲಿನ ವಿದ್ಯಾರ್ಥಿನಿಯ ಕವಿತೆಯಂತೆ ನಿಮ್ಮದೂ ಐದು, ಐದು, ಐದು, ಮೂರರ ನಡಿಗೆ, ಅದರಲ್ಲಿಯೂ ಎಡವಿಲ್ಲ.

ಕಾಫಿಯಾದ ವಿಷಯದಲ್ಲಿ ನೀವೂ ನಿಮ್ಮ ಗೆಳೆಯರೂ ಇಬ್ಬರೂ ನಿಮ್ಮ ನಿಮ್ಮ ಕಿವಿಗೆ ತಕ್ಕಂತೆ ಸರಿ. ಉರ್ದುವಿನ ಕಟ್ಟುನಿಟ್ಟಿನಲ್ಲಿ ವ್ಯಂಜನದ ಜೊತೆಗೆ ಅದರ ಹಿಂದಿನ ಸ್ವರವೂ ಕೂಡಬೇಕು. ಮತ್ಲಾದಲ್ಲಿ ‘ಕಂಪು’, ‘ತಂಪು’ ಎಂದು ಅಕಾರವನ್ನು ಸ್ಥಾಪಿಸಿದ ಮೇಲೆ ‘ಕೆಂಪು’ವಿನ ಎಕಾರ ಅವರಿಗೆ ಸಡಿಲವಾಗಿ ಕೇಳುತ್ತದೆ. ಕನ್ನಡದ ಪ್ರಾಸವಾದರೋ ಪ್ರಾಸಾಕ್ಷರದ ವ್ಯಂಜನವನ್ನೂ ಅದರ ಹಿಂದಿನ ಅಕ್ಷರದ ತೂಕವನ್ನೂ ನೋಡುತ್ತದೆಯೇ ಹೊರತು ಹಿಂದಿನ ಸ್ವರ ಯಾವುದೆಂದು ಕೇಳುವುದಿಲ್ಲ. ಅದರ ಪ್ರಕಾರ ಈ ಮೂರೂ ಬಿಂದುವಿನ ನಂತರ ಪಕಾರ ಬಂದ ನಿರ್ದುಷ್ಟ ವೃಷಭಪ್ರಾಸಗಳು. ಎರಡನೆಯ ಇಬ್ರಾಹಿಂ ಆದಿಲ್‌ಶಹಾ ದಖನಿಯಲ್ಲಿ ಹಾಡು ಕಟ್ಟಿದ ಊರಿನಲ್ಲಿ ಕುಳಿತು ಕನ್ನಡದಲ್ಲಿ ಗಜಲ್ ಬರೆಯುವವರಿಗೆ ಈ ಎರಡು ಕಿವಿಗಳ ತಂಟೆ ತಪ್ಪಿದ್ದಲ್ಲ.

ದಾರಿಯೊಂದಿದೆ. ಕಾಫಿಯಾದ ಕರಾರನ್ನು ಬರೆಯುವುದು ಮತ್ಲಾ. ‘ಕೆಂಪು’ ನಿಮಗೆ ಬೇಕೇಬೇಕಿದ್ದರೆ ಅದನ್ನು ಮತ್ಲಾಕ್ಕೇ ತನ್ನಿ, ‘ಕಂಪು’ವಿನ ಎದುರಿಗೆ ‘ಕೆಂಪು’ವನ್ನು ಕೂರಿಸಿ. ಆಗ ಸ್ವರ ಬದಲಾಗಬಹುದೆಂಬುದು ಮೊದಲೇ ಒಪ್ಪಿತವಾಗುತ್ತದೆ. ‘ತಂಪು’, ‘ಇಂಪು’, ‘ಸೊಂಪು’ಗಳೂ ಮುಂದಿನ ಷೇರುಗಳಿಗೆ ದಕ್ಕುತ್ತವೆ.